ರೀಲ್ಸ್ ಲಿಂಕಿನ ಕಮಿಷನ್ ಮತ್ತು ಕೃಷಿ ಸಲಹೆ: ಒಂದು ವಿಶ್ಲೇಷಣೆ

ಕಳೆದ ಮುಂಗಾರಿನಲ್ಲಿ ಎಲೆಚುಕ್ಕಿ ರೋಗದ ಪರಿಶೀಲನಾ ತಂಡದೊಂದಿಗೆ ಮಲೆನಾಡಿನ ಅಡಿಕೆ ತೋಟವೊಂದಕ್ಕೆ ಭೇಟಿ ನೀಡಿದ್ದೆ. ತೋಟದ ಯುವ ಮಾಲೀಕರು ಮನೆಯ ಜಗಲಿಯ ಮೇಲೆ ಮೂರು ಬಾಟಲಿಗಳನ್ನು ಇಟ್ಟು ತೋರಿಸಿದರು. ಮೂರೂ ಇನ್‌ಸ್ಟಾಗ್ರಾಮ್ ರೀಲ್ಸ್ ನೋಡಿ, ಅದರೊಂದಿಗೆ ಬಂದ ಲಿಂಕ್ ಒತ್ತಿ ತರಿಸಿದವು. ಎರಡರ ಮೇಲೆ ರೋಗದ ಹೆಸರೂ ಇರಲಿಲ್ಲ, ಬೆಳೆಯ ಹೆಸರೂ ಇರಲಿಲ್ಲ, ನೋಂದಣಿ ಸಂಖ್ಯೆಯೂ ಇರಲಿಲ್ಲ. ಹಾಗೆಂದು ತಿಳಿಸಿದಾಗ ಅವರು ಕೇಳಿದ ಪ್ರಶ್ನೆ ಇದು: “ಸರ್, ವೀಡಿಯೋ ಮಾಡಿದವರೂ ನಮ್ಮ ಹಾಗೇ ತೋಟ ಇರೋರು. ಅವರ್ಯಾಕೆ ಸುಳ್ಳು ಹೇಳ್ತಾರೆ?”

ಕೆಲವು ತಿಂಗಳ ನಂತರ ಕಲಬುರಗಿ ಭಾಗದ ತೊಗರಿ ಕ್ಷೇತ್ರೋತ್ಸವವೊಂದರಲ್ಲಿ ಮತ್ತೊಬ್ಬ ಯುವ ರೈತರು ಇದೇ ವಿಷಯದ ಇನ್ನೊಂದು ಮಗ್ಗುಲನ್ನು ಮುಂದಿಟ್ಟರು. “ಹೊಲದಾಗಿನ ವೀಡಿಯೋ ಸಾವಿರಾರು ಮಂದಿ ನೋಡ್ತಾರ್ರೀ ಸರ. ಮಳಿ ಕೈಕೊಟ್ರ ಬೇರೆ ಆದಾಯ ಇಲ್ಲ. ಲಿಂಕ್ ಹಾಕಿದ್ರ ತಪ್ಪೇನ್ರಿ?”

ಎರಡೂ ಪ್ರಶ್ನೆಗಳು ಪ್ರಾಮಾಣಿಕವಾದವು. ಮೊದಲನೆಯದು ಸಲಹೆಯನ್ನು ನಂಬಿ ಹಣ ತೆತ್ತವರದು. ಎರಡನೆಯದು ಸಲಹೆ ನೀಡಿ ನಾಲ್ಕು ಕಾಸು ಗಳಿಸಬಯಸುವವರದು. ಇವುಗಳಿಗೆ ಉತ್ತರ ಹುಡುಕಲು ರೀಲ್ಸ್ ಲಿಂಕಿನ ಹಿಂದಿರುವ ಕಮಿಷನ್ ವ್ಯವಸ್ಥೆ ಹೇಗೆ ನಡೆಯುತ್ತದೆ, ಅದು ಯಾವ ಬಗೆಯ ಕೃಷಿ ಸಲಹೆಯನ್ನು ಮುಂದಕ್ಕೆ ತರುತ್ತದೆ ಮತ್ತು ಯಾವುದನ್ನು ಹಿಂದಕ್ಕೆ ಸರಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ವ್ಯವಸ್ಥೆಯ ಸ್ವರೂಪ

ಅಫಿಲಿಯೇಟ್ ಆದಾಯ ಎಂದು ಕರೆಯಲಾಗುವ ಈ ಪದ್ಧತಿಯು ಮೂಲತಃ ದಲಾಲಿಯೇ ಆಗಿದೆ. ಮಾರುವವರು ವೀಡಿಯೋ ತಯಾರಿಸುವವರಿಗೆ ಒಂದು ವಿಶಿಷ್ಟ ಲಿಂಕನ್ನು ಅಥವಾ ರಿಯಾಯಿತಿ ಕೋಡನ್ನು ನೀಡುತ್ತಾರೆ. ವೀಕ್ಷಕರು ಆ ಲಿಂಕ್ ಒತ್ತಿ, ನಿಗದಿತ ಅವಧಿಯೊಳಗೆ ಖರೀದಿಸಿದರೆ ಮಾರಾಟ ಬೆಲೆಯ ಒಂದು ಪಾಲು ವೀಡಿಯೋ ಮಾಡಿದವರ ಖಾತೆಗೆ ಸೇರುತ್ತದೆ. ಅಮೆಜಾನ್ ಇಂಡಿಯಾದ ಯೋಜನೆಯಲ್ಲಿ ಈ ಅವಧಿ ಸಾಮಾನ್ಯವಾಗಿ 24 ಗಂಟೆ. ಖರೀದಿಸಿದ ವಸ್ತುವನ್ನು ಹಿಂತಿರುಗಿಸಿದರೆ ಕಮಿಷನ್ ರದ್ದಾಗುತ್ತದೆ. ಇನ್‌ಸ್ಟಾಗ್ರಾಮ್ ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಆದ್ದರಿಂದಲೇ “ಲಿಂಕ್ ಬಯೋದಲ್ಲಿದೆ” ಎಂದೋ, “ಲಿಂಕ್ ಎಂದು ಕಾಮೆಂಟ್ ಮಾಡಿ, ಮೆಸೇಜ್ ಕಳಿಸುತ್ತೇವೆ” ಎಂದೋ ಹೇಳುವ ರೂಢಿ ಬೆಳೆದಿದೆ.

ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ದಲಾಲರು ಯಾರೆಂಬುದು ರೈತರಿಗೆ ತಿಳಿದಿರುತ್ತದೆ. ಅವರ ಅಂಗಡಿಗೆ ಬೋರ್ಡು ಇರುತ್ತದೆ, ಅವರ ಪಾಲು ಎಷ್ಟೆಂಬುದು ಚೀಟಿಯಲ್ಲಿ ಬರೆದಿರುತ್ತದೆ. ರೀಲ್ಸ್‌ನಲ್ಲಿ ಅದೇ ಕೆಲಸ ಮಾಡುವವರು ಹೊಲದ ಬದುವಿನ ಮೇಲೆ ನಿಂತ ನೆರೆಯ ರೈತರಂತೆ ಕಾಣುತ್ತಾರೆ. ಅವರು ನಿಜವಾಗಿಯೂ ರೈತರಾಗಿರಬಹುದು. ಆದರೆ ಆ ಒಂದು ನಿಮಿಷದಲ್ಲಿ ಅವರು ರೈತರೂ ಹೌದು, ದಲಾಲರೂ ಹೌದು. ಎರಡನೆಯ ಪಾತ್ರವು ನೋಡುವವರಿಗೆ ಗೋಚರಿಸುವುದಿಲ್ಲ.

ಈ ಬೆಳವಣಿಗೆ ತೀರಾ ಇತ್ತೀಚಿನದು. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿದಂತೆ ಹಲವು ಆ್ಯಪ್‌ಗಳನ್ನು ಭಾರತ ಸರ್ಕಾರ ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಭಾರತಕ್ಕೆ ಬಂದಿತು. ಹಳ್ಳಿಯ ಕಿರು ವೀಡಿಯೋಗಳು ಅಲ್ಲಿಗೂ ಯೂಟ್ಯೂಬ್ ಶಾರ್ಟ್ಸ್‌ಗೂ ಹರಿದವು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಕೀಟನಾಶಕ ನಿಯಮಗಳಿಗೆ ತಿದ್ದುಪಡಿ ತಂದು, ಪರವಾನಗಿ ಹೊಂದಿದ ಮಾರಾಟಗಾರರು ಇ-ಕಾಮರ್ಸ್ ಜಾಲತಾಣಗಳ ಮೂಲಕವೂ ಕೀಟನಾಶಕ ಮಾರಲು ಅವಕಾಶ ನೀಡಿತು. 2024ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್ ಸಂಸ್ಥೆಯು ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆಗೂಡಿ ವೀಡಿಯೋದಲ್ಲೇ ಸರಕನ್ನು ತೋರಿಸಿ ಕಮಿಷನ್ ಪಡೆಯುವ ಯೋಜನೆಯನ್ನು ಭಾರತದಲ್ಲಿ ಆರಂಭಿಸಿತು. ಹೀಗೆ ನಾಲ್ಕೈದು ವರ್ಷಗಳಲ್ಲಿ ವೀಡಿಯೋ, ಅಂಗಡಿ ಮತ್ತು ಸಲಹೆ ಮೂರೂ ಒಂದೇ ಪರದೆಯ ಮೇಲೆ ಬಂದು ನಿಂತಿವೆ.

ಆದಾಯದ ಲೆಕ್ಕ

ಈ ಆದಾಯದ ಬಗ್ಗೆ ಯುವಕರಲ್ಲಿ ಉತ್ಪ್ರೇಕ್ಷಿತ ಕಲ್ಪನೆಗಳಿವೆ. ಆದುದರಿಂದ ಒಂದು ಉದಾಹರಣೆಯ ಲೆಕ್ಕವನ್ನು ಇಲ್ಲಿ ನೀಡಲಾಗಿದೆ. ಇದರಲ್ಲಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಂಡು ಪರಿಶೀಲಿಸಬಹುದು.

ಒಂದು ಬ್ಯಾಟರಿ ಸ್ಪ್ರೇಯರ್ ಕುರಿತ ರೀಲ್ಸನ್ನು 1 ಲಕ್ಷ ಜನ ನೋಡಿದರು ಎಂದಿಟ್ಟುಕೊಳ್ಳೋಣ. ನೂರಕ್ಕೆ ಒಬ್ಬರು ಲಿಂಕ್ ಒತ್ತಿದರೆ 1,000 ಜನ. ಅವರಲ್ಲಿ ನೂರಕ್ಕೆ ಇಬ್ಬರು ಖರೀದಿಸಿದರೆ 20 ಜನ. ಸ್ಪ್ರೇಯರ್ ಬೆಲೆ ರೂ. 3,000, ಕಮಿಷನ್ ಶೇ. 4 ಆದರೆ ಒಂದಕ್ಕೆ ರೂ. 120, ಒಟ್ಟು ರೂ. 2,400. ಇಬ್ಬರು ವಸ್ತುವನ್ನು ಹಿಂತಿರುಗಿಸಿದರೆ ಉಳಿಯುವುದು ರೂ. 2,160. ಒಂದು ಲಕ್ಷ ವೀಕ್ಷಣೆ ಪ್ರತಿ ವೀಡಿಯೋಗೂ ದೊರೆಯುವುದಿಲ್ಲ ಎಂಬುದನ್ನೂ, ಚಿತ್ರೀಕರಣಕ್ಕೆ ತಗಲುವ ದಿನಗಳನ್ನೂ ಇದರೊಂದಿಗೆ ಸೇರಿಸಿ ನೋಡಬೇಕು.

ಈಗ ಎರಡನೆಯ ಲೆಕ್ಕ. ಒಂದು ತಯಾರಿಕಾ ಸಂಸ್ಥೆ ನೇರವಾಗಿ ಸಂಪರ್ಕಿಸಿ, ರೂ. 900 ಬೆಲೆಯ ಬೆಳೆ ಟಾನಿಕ್ ಬಾಟಲಿಗೆ ಶೇ. 20 ಕಮಿಷನ್ ನೀಡುವುದಾಗಿ ಹೇಳುತ್ತದೆ ಎಂದುಕೊಳ್ಳೋಣ. ಒಂದು ಬಾಟಲಿಗೆ ರೂ. 180. ಸ್ಪ್ರೇಯರ್ ಕೊಂಡ ರೈತರು ಮತ್ತೆ ಮೂರು ನಾಲ್ಕು ವರ್ಷ ಕೊಳ್ಳುವುದಿಲ್ಲ. ಟಾನಿಕ್ ಕೊಂಡವರು ಪ್ರತಿ ಸಿಂಪಡಣೆಗೂ ಕೊಳ್ಳುತ್ತಾರೆ. ಅದೇ 20 ಜನ, ತಲಾ ಮೂರು ಬಾಟಲಿ ಎಂದರೂ 60 ಬಾಟಲಿ, ರೂ. 10,800.

ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿಯೇ ಸಮಸ್ಯೆಯ ಬೇರು ಇದೆ. ಒಮ್ಮೆ ಕೊಂಡು ಹಲವು ವರ್ಷ ಬಳಸುವ, ಗುಣವನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದಾದ ಉಪಕರಣಕ್ಕೆ ಕಮಿಷನ್ ಕಡಿಮೆ. ಮತ್ತೆ ಮತ್ತೆ ಕೊಳ್ಳಬೇಕಾದ, ಫಲಿತಾಂಶ ಮಳೆಯಿಂದ ಬಂದಿತೋ ಗೊಬ್ಬರದಿಂದ ಬಂದಿತೋ ಬಾಟಲಿಯಿಂದ ಬಂದಿತೋ ಎಂದು ಹೇಳಲಾಗದ ವಸ್ತುವಿಗೆ ಕಮಿಷನ್ ಹೆಚ್ಚು. ವೀಡಿಯೋ ಮಾಡುವವರಲ್ಲಿ ಯಾವ ದುರುದ್ದೇಶವೂ ಇಲ್ಲದಿದ್ದರೂ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ಸ್ಪಷ್ಟ.

ವೇದಿಕೆಗಳ ನೀತಿ ಬದಲಾದರೆ ಆದಾಯವೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಚಿತ್ರಪ್ರಧಾನ ತಾಣವಾದ ಪಿಂಟರೆಸ್ಟ್ 2015ರಲ್ಲಿ ಅಫಿಲಿಯೇಟ್ ಲಿಂಕ್‌ಗಳನ್ನು ನಿಲ್ಲಿಸಿ, 2016ರಲ್ಲಿ ಮತ್ತೆ ಅನುಮತಿಸಿತು. ಇನ್‌ಸ್ಟಾಗ್ರಾಮ್ ತನ್ನದೇ ಅಫಿಲಿಯೇಟ್ ಯೋಜನೆಯನ್ನು 2021ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, 2022ರ ಆಗಸ್ಟ್‌ನಲ್ಲಿ ಮುಚ್ಚಿತು. ಮಳೆಯನ್ನು ನಂಬಿದ ಬೇಸಾಯದಂತೆ ಇದೂ ಇನ್ನೊಬ್ಬರ ಕೈಯಲ್ಲಿರುವ ಆದಾಯವೇ ಆಗಿದೆ. ಇದನ್ನು ಉಪ ಆದಾಯವೆಂದು ಪರಿಗಣಿಸಬಹುದೇ ಹೊರತು ಇದನ್ನು ನಂಬಿ ಸಾಲ ಮಾಡುವುದು ಸಲ್ಲದು.

ಲಿಂಕ್ ಇಲ್ಲದ ಸಲಹೆಗಳು

ಬೇಸಾಯ ಶಾಸ್ತ್ರದ ಉತ್ತಮ ಸಲಹೆಗಳಲ್ಲಿ ಬಹುಪಾಲು ಸಲಹೆಗಳಿಗೆ ಲಿಂಕ್ ಹಾಕಲು ಸಾಧ್ಯವೇ ಇಲ್ಲ. ಬಿತ್ತನೆಯ ಕಾಲ, ಸಾಲಿನ ಅಂತರ, ಬೆಳೆ ಪರಿವರ್ತನೆ, ಮಾಗಿ ಉಳುಮೆ, ಬಸಿಗಾಲುವೆ, ಮಣ್ಣು ಪರೀಕ್ಷೆ, ಸಿಂಪಡಿಸದೆ ಕಾಯುವ ತೀರ್ಮಾನ — ಇವುಗಳನ್ನು ಯಾರೂ ಪೆಟ್ಟಿಗೆಯಲ್ಲಿ ಹಾಕಿ ಮಾರುವುದಿಲ್ಲ. ಮಾರಲಾಗದ್ದಕ್ಕೆ ಕಮಿಷನ್ ಇಲ್ಲ. ಕಮಿಷನ್ ಇಲ್ಲದ್ದರ ಬಗ್ಗೆ ವೀಡಿಯೋ ಮಾಡುವವರು ಕಡಿಮೆ. ಕೆಲವು ಪರಿಚಿತ ಉದಾಹರಣೆಗಳನ್ನು ನೋಡೋಣ.

ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರು ಆರಂಭದಲ್ಲಿ ಒಮ್ಮೆ, 30ರಿಂದ 45 ದಿನಗಳ ನಂತರ ಮತ್ತೊಮ್ಮೆ ಗೊನೆಗಳಿಗೆ ಸಿಂಪಡಿಸುವುದು ಎಲ್ಲರಿಗೂ ತಿಳಿದ ಕ್ರಮ. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದ ಕಾಲದಿಂದ ಇಂದಿನವರೆಗೆ ಅದು ಉಳಿದುಕೊಂಡು ಬಂದಿದೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ನಂತರ ಬೆರೆಸುವುದು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ, ಅದರ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಸೇರಿಸುವುದು. ಅಂದು ಮಾಡಿದ್ದನ್ನು ಅಂದೇ ಬಳಸುವುದು. ಮೈಲುತುತ್ತವೂ ಸುಣ್ಣವೂ ಊರಿನ ಸಹಕಾರ ಸಂಘದಲ್ಲಿಯೇ ದೊರೆಯುತ್ತವೆ. ಇದರಲ್ಲಿ ಲಿಂಕ್ ಹಾಕುವವರಿಗೆ ದೊರೆಯುವುದೇನೂ ಇಲ್ಲ. ಎಲೆಚುಕ್ಕಿ ರೋಗದ ವಿಷಯದಲ್ಲಿಯೂ ಅಷ್ಟೇ. ಸೋಂಕು ತಗಲಿದ ಸೋಗೆಗಳನ್ನು ಕತ್ತರಿಸಿ ನಾಶಪಡಿಸುವುದು, ತೋಟದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು, ಮಣ್ಣು ಪರೀಕ್ಷೆಯ ಆಧಾರದಲ್ಲಿ ಪೋಷಕಾಂಶ ನೀಡುವುದು, ನೆರೆಯ ತೋಟದವರೆಲ್ಲ ಸೇರಿ ಒಂದೇ ಸಮಯದಲ್ಲಿ ಶಿಫಾರಸು ಮಾಡಿದ ಶಿಲೀಂಧ್ರನಾಶಕ ಸಿಂಪಡಿಸುವುದು ನಿರ್ವಹಣೆಯ ಅಡಿಪಾಯ. ಮಳೆಹನಿಯ ಸಿಡಿತದಿಂದ ಹರಡುವ ರೋಗವನ್ನು ಒಬ್ಬರೇ ಒಂದು ಬಾಟಲಿಯಿಂದ ತಡೆಯಲಾಗದು. ಆದರೆ ರೀಲ್ಸ್ ತಲುಪುವುದು ಒಬ್ಬೊಬ್ಬರ ಮೊಬೈಲಿಗೆ.

ತೊಗರಿಯಲ್ಲಿ ಬಿತ್ತನೆಯಾದ 45–50 ದಿನಗಳಿಗೆ ಕುಡಿ ಚಿವುಟಿದರೆ ಪಕ್ಕದ ಕೊಂಬೆಗಳು ಹೆಚ್ಚುತ್ತವೆ. ಕಾಯಿಕೊರಕದ ಹುಳುಗಳು ಬೆಳೆದಾಗ ಗಿಡವನ್ನು ಮೆಲ್ಲಗೆ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಬಿದ್ದ ಹುಳುಗಳನ್ನು ಆರಿಸಿ ನಾಶಪಡಿಸುವ ಪದ್ಧತಿ ಕಲಬುರಗಿ ಭಾಗದ ರೈತರಿಗೆ ಹೊಸತಲ್ಲ. ಹಾವೇರಿ ಸೀಮೆಯ ಗುಳಿ ರಾಗಿ ಪದ್ಧತಿಯೂ ರೈತರೇ ಉಳಿಸಿಕೊಂಡು ಬಂದ ಜ್ಞಾನ. ಅದರಲ್ಲಿ ಮುಖ್ಯವಾದುದು ಗಿಡದಿಂದ ಗಿಡಕ್ಕೆ ಬಿಡುವ ಅಂತರ ಮತ್ತು ಎಡೆ ಹೊಡೆಯುವ ಕ್ರಮ; ಕೊಳ್ಳುವ ಯಾವ ವಸ್ತುವೂ ಅಲ್ಲ.

ರೋಗ ಅಥವಾ ಕೀಟವನ್ನು ಗುರುತಿಸುವ ಹಂತದಲ್ಲಿಯೇ ಇನ್ನೊಂದು ಅಪಾಯವಿದೆ. 2018ರಲ್ಲಿ ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗದಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೊದಲು ಹುಳು ಯಾವುದೆಂದು ಖಚಿತಪಡಿಸಿದರು; ಪರಿಹಾರದ ಶಿಫಾರಸು ಅನಂತರ ಬಂದಿತು. ಲಿಂಕ್ ಹೊತ್ತ ವೀಡಿಯೋದಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಮಾರಬೇಕಾದ ವಸ್ತು ಮೊದಲೇ ನಿಶ್ಚಯವಾಗಿರುತ್ತದೆ. ಎಲೆ ಹಳದಿಯಾದರೂ ಅದೇ, ಕಾಯಿ ಉದುರಿದರೂ ಅದೇ, ಇಳುವರಿ ಕಡಿಮೆಯಾದರೂ ಅದೇ.

ಜೈವಿಕ ಉತ್ತೇಜಕಗಳ ಪಾಠ

ಈ ವಾಲುವಿಕೆಯ ಪರಿಣಾಮವು ಜೈವಿಕ ಉತ್ತೇಜಕಗಳ ಕ್ಷೇತ್ರದಲ್ಲಿ ಹೆಚ್ಚು ಗೋಚರಿಸುತ್ತದೆ. ಕಡಲಕಳೆ ಸಾರ, ಹ್ಯೂಮಿಕ್ ಆಮ್ಲ, ಅಮೈನೋ ಆಮ್ಲ ಮುಂತಾದ ಹೆಸರಿನಲ್ಲಿ ಮಾರಾಟವಾಗುವ ಈ ವಸ್ತುಗಳು ಬಹುಕಾಲ ಯಾವ ನಿಯಂತ್ರಣಕ್ಕೂ ಒಳಪಟ್ಟಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಅವುಗಳನ್ನು 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು 2025ರ ಜುಲೈನಲ್ಲಿ ನೀಡಿದ ವಿವರದಂತೆ, ಹಿಂದೆ ಸುಮಾರು 30,000 ಉತ್ಪನ್ನಗಳು ಅಂಕೆಯಿಲ್ಲದೆ ಮಾರಾಟವಾಗುತ್ತಿದ್ದವು. ಬಳಿಕ ಸುಮಾರು 8,000ಕ್ಕೆ ಇಳಿದು, ಕಟ್ಟುನಿಟ್ಟಿನ ಕ್ರಮದ ನಂತರ ಸುಮಾರು 650ಕ್ಕೆ ನಿಂತಿವೆ.

ಈ ಅಂಕಿಗಳ ಅರ್ಥವೇನೆಂದರೆ, ಕೆಲವೇ ವರ್ಷಗಳ ಹಿಂದೆ ಅಂಗಡಿಯಲ್ಲೋ ಮೊಬೈಲಿನಲ್ಲೋ ಕಾಣುತ್ತಿದ್ದ ಹೆಸರುಗಳಲ್ಲಿ ಬಹುತೇಕ ಹೆಸರುಗಳಿಗೆ ಇಂದು ಮಾರಾಟದ ಅನುಮತಿ ಇಲ್ಲ. ಆದರೆ ಆಗ ಮಾಡಿದ ವೀಡಿಯೋಗಳು ಅಳಿಸಿಹೋಗಿಲ್ಲ. ಎರಡು ವರ್ಷ ಹಳೆಯ ರೀಲ್ಸ್ ಇಂದು ಬೆಳಿಗ್ಗೆಯ ವೀಡಿಯೋದಂತೆಯೇ ಮೊಬೈಲಿಗೆ ಬರುತ್ತದೆ. ಆದ್ದರಿಂದ ಈ ವರ್ಗದ ಯಾವುದೇ ವಸ್ತುವನ್ನು ಕೊಳ್ಳುವ ಮೊದಲು ಅದು ಪ್ರಸ್ತುತ ಅನುಮತಿ ಪಡೆದಿದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಸೂಕ್ತ.

ಕಾನೂನಿನ ಚೌಕಟ್ಟು

ಲಿಂಕ್ ಹಾಕಿ ಕಮಿಷನ್ ಪಡೆಯುವುದು ಅಪರಾಧವಲ್ಲ. ಅದನ್ನು ಮುಚ್ಚಿಡುವುದು ಅಪರಾಧವಾಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತುಗಳ ತಡೆಗೆ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಸಾಮಾಜಿಕ ಮಾಧ್ಯಮದಲ್ಲಿ ಸರಕನ್ನು ಶಿಫಾರಸು ಮಾಡುವವರಿಗಾಗಿ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಪ್ರತ್ಯೇಕ ಸೂಚನೆಗಳನ್ನು ನೀಡಿತು. ಅವುಗಳ ಸಾರ ಹೀಗಿದೆ:

• ಹಣ ಮಾತ್ರವಲ್ಲ, ಉಚಿತ ಸರಕು, ರಿಯಾಯಿತಿ, ಉಡುಗೊರೆ, ಪ್ರವಾಸ, ಮಾರುವವರೊಂದಿಗಿನ ಕುಟುಂಬ ಸಂಬಂಧ — ಇವೆಲ್ಲವೂ ವೀಕ್ಷಕರಿಗೆ ತಿಳಿಸಲೇಬೇಕಾದ ಸಂಬಂಧಗಳು.
• ವೀಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಸರಳ ಪದಗಳಲ್ಲಿ ತಿಳಿಸಬೇಕು. ಕನ್ನಡದ ವೀಡಿಯೋದಲ್ಲಿ “ಇದು ಜಾಹೀರಾತು” ಅಥವಾ “ಈ ಲಿಂಕಿನಿಂದ ನನಗೆ ಕಮಿಷನ್ ದೊರೆಯುತ್ತದೆ” ಎಂದು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ.
• ವೀಡಿಯೋದಲ್ಲಿ ಅದನ್ನು ಮಾತಿನಲ್ಲಿಯೂ ಹೇಳಬೇಕು, ಪರದೆಯ ಮೇಲೂ ತೋರಿಸಬೇಕು. ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹುದುಗಿಸಬಾರದು.

ದಾರಿ ತಪ್ಪಿಸುವ ಶಿಫಾರಸಿಗೆ ರೂ. 10 ಲಕ್ಷದವರೆಗೆ, ಪುನರಾವರ್ತನೆಯಾದರೆ ರೂ. 50 ಲಕ್ಷದವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಶಿಫಾರಸು ಮಾಡಿದವರನ್ನು ಒಂದು ವರ್ಷದವರೆಗೆ, ನಂತರ ಮೂರು ವರ್ಷಗಳವರೆಗೆ ಶಿಫಾರಸು ಮಾಡದಂತೆ ನಿರ್ಬಂಧಿಸಬಹುದು. ಹೇಳುವ ಮುನ್ನ ಸತ್ಯಾಂಶವನ್ನು ಪರಿಶೀಲಿಸಿದ್ದೇವೆ ಎಂದು ತೋರಿಸಿಕೊಡುವುದೊಂದೇ ಅವರಿಗಿರುವ ರಕ್ಷಣೆ. ಆರೋಗ್ಯ ವಿಷಯದಲ್ಲಿ ಮಾತನಾಡುವ ತಜ್ಞರು ತಮ್ಮ ಅರ್ಹತೆಯನ್ನು ತಿಳಿಸಬೇಕೆಂದು 2023ರ ಆಗಸ್ಟ್‌ನಲ್ಲಿ ಸೂಚಿಸಲಾಗಿದೆ. ಬೆಳೆಯ ಆರೋಗ್ಯದ ಬಗ್ಗೆ ಮಾತನಾಡುವವರೂ ಇದೇ ವಿವೇಕವನ್ನು ತಾವಾಗಿಯೇ ಪಾಲಿಸುವುದು ಒಳ್ಳೆಯದು.

ಕೃಷಿ ಪರಿಕರಗಳಿಗೆ ಪ್ರತ್ಯೇಕ ಕಾನೂನುಗಳೂ ಇವೆ. ಕೀಟನಾಶಕಗಳ ಮಾರಾಟಕ್ಕೆ 1968ರ ಕೀಟನಾಶಕ ಕಾಯ್ದೆಯಡಿ, ಬಿತ್ತನೆ ಬೀಜದ ವ್ಯಾಪಾರಕ್ಕೆ 1983ರ ಬೀಜ ನಿಯಂತ್ರಣ ಆದೇಶದಡಿ ಪರವಾನಗಿ ಬೇಕು. “ನನಗೆ ವಾಟ್ಸ್‌ಆ್ಯಪ್ ಮಾಡಿ, ಕೊರಿಯರ್ ಮಾಡಿಸುತ್ತೇನೆ” ಎಂದು ಔಷಧ, ಬೀಜ ಕಳುಹಿಸುವವರು ಲಿಂಕ್ ಹಾಕುವುದನ್ನು ದಾಟಿ ಮಾರಾಟಗಾರರೇ ಆಗಿರುತ್ತಾರೆ ಎಂಬುದನ್ನು ಗಮನಿಸಬೇಕು.

ತೆರಿಗೆಯ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಇದೆ. ಕೃಷಿ ಆದಾಯಕ್ಕೆ ವಿನಾಯಿತಿ ಇದೆ. ಆದರೆ ಹೊಲದಲ್ಲಿ ನಿಂತು ವೀಡಿಯೋ ಮಾಡಿದ ಮಾತ್ರಕ್ಕೆ ಕಮಿಷನ್ ಕೃಷಿ ಆದಾಯವಾಗುವುದಿಲ್ಲ. ಒಂದು ಸಂಸ್ಥೆಯಿಂದ ವರ್ಷಕ್ಕೆ ರೂ. 20,000 ಮೀರಿದ ಕಮಿಷನ್‌ಗೆ ಮೂಲದಲ್ಲಿಯೇ ಶೇ. 2 ತೆರಿಗೆ ಕಡಿತವಾಗುತ್ತದೆ. ಪ್ರಚಾರಕ್ಕೆಂದು ಪಡೆದ ಯಂತ್ರವನ್ನು ತಮ್ಮಲ್ಲಿಯೇ ಇಟ್ಟುಕೊಂಡರೆ ಅದರ ಮೌಲ್ಯವೂ ಆದಾಯವೇ. ಇಂತಹ ಸೌಲಭ್ಯಗಳ ಮೌಲ್ಯ ವರ್ಷಕ್ಕೆ ರೂ. 20,000 ದಾಟಿದರೆ ಶೇ. 10 ಕಡಿತ ಅನ್ವಯಿಸುತ್ತದೆ. ಪಾನ್ ಸಂಖ್ಯೆ, ಬ್ಯಾಂಕ್ ವಿವರ ಮತ್ತು ಪ್ರತಿ ಪಾವತಿಯ ದಾಖಲೆಯನ್ನು ಇಟ್ಟುಕೊಳ್ಳುವುದು ಅಗತ್ಯ.

ವೀಡಿಯೋ ಮಾಡುವ ರೈತರಿಗೆ

ರೈತರು ತಮ್ಮ ಅನುಭವವನ್ನು ತಾವೇ ಹೇಳಬೇಕೆಂಬ ಆಶಯ ಕನ್ನಡ ನಾಡಿಗೆ ಹೊಸದಲ್ಲ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೆ ಲೇಖನಿ ನೀಡಬೇಕೆಂಬ ನಿಲುವಿನಿಂದ ನಡೆದುಬಂದಿದೆ. ಇಂದು ಆ ಕೈಗೆ ಮೊಬೈಲ್ ಬಂದಿದೆ. ಅದರಿಂದ ಒಂದಿಷ್ಟು ಆದಾಯ ಬರುವುದಾದರೆ ಅದನ್ನು ವಿರೋಧಿಸಬೇಕಾಗಿಲ್ಲ. ಕೆಳಗಿನ ಅಂಶಗಳನ್ನು ಪಾಲಿಸಿದರೆ ಆದಾಯವೂ ಹೆಸರೂ ಉಳಿಯುತ್ತವೆ.

1. ಕಮಿಷನ್ ಪಡೆಯುವುದಾದರೆ ಉಪಕರಣಗಳಿಗೆ ಸೀಮಿತಗೊಳಿಸಿಕೊಳ್ಳಿ. ಕುಡುಗೋಲು, ಕಳೆ ಕತ್ತರಿಸುವ ಯಂತ್ರ, ಸ್ಪ್ರೇಯರ್, ನಾಜಲ್, ಹನಿ ನೀರಾವರಿಯ ಬಿಡಿ ಭಾಗಗಳು, ತೊಗರಿ ಕುಡಿ ಚಿವುಟುವ ಯಂತ್ರ, ರಕ್ಷಣಾ ಕೈಗವಸು ಮತ್ತು ಮುಖಗವಸು — ಇವುಗಳ ಗುಣ ಮಣ್ಣಿನಿಂದ ಮಣ್ಣಿಗೆ ಹೆಚ್ಚು ಬದಲಾಗುವುದಿಲ್ಲ. ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ, ಟಾನಿಕ್ ಮತ್ತು ಬೀಜಕ್ಕೆ ಕಮಿಷನ್ ಪಡೆಯಬೇಡಿ. ನಿಮ್ಮ ಹೊಲದಲ್ಲಿ ಸರಿಹೋದದ್ದು ನೂರು ಮೈಲಿ ಆಚೆಯ ಹೊಲದಲ್ಲಿ ಬೆಳೆಯನ್ನು ಸುಡಬಹುದು.

2. ಕನಿಷ್ಠ ಒಂದು ಹಂಗಾಮು ಬಳಸಿದ ನಂತರವೇ ಮಾತನಾಡಿ. ಪೆಟ್ಟಿಗೆ ಬಿಚ್ಚುವ ವೀಡಿಯೋಗಿಂತ, ಒಂದು ಮಳೆಗಾಲ ಕಳೆದ ಮೇಲೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬಿಡಿ ಭಾಗ ಎಲ್ಲಿ ದೊರೆಯುತ್ತದೆ ಎಂಬ ವೀಡಿಯೋ ರೈತರಿಗೆ ಉಪಯುಕ್ತ. ಕಳೆನಾಶಕಕ್ಕೆ ಚಪ್ಪಟೆ ಬೀಸಣಿಗೆಯಂತೆ ಹರಡುವ ನಾಜಲ್, ಕೀಟ ಮತ್ತು ರೋಗನಾಶಕಗಳಿಗೆ ಟೊಳ್ಳು ಶಂಕುವಿನಾಕಾರದಲ್ಲಿ ಹರಡುವ ನಾಜಲ್ ಎಂಬ ವ್ಯತ್ಯಾಸವನ್ನು ತೋರಿಸಿದರೆ ಲಿಂಕ್ ಒತ್ತದವರಿಗೂ ಪ್ರಯೋಜನವಾಗುತ್ತದೆ.

3. ದೋಷವನ್ನೂ ಹೇಳಿ. ಬೆಲೆ ಊರಿನ ಅಂಗಡಿಯಲ್ಲಿ ಕಡಿಮೆ ಇದ್ದರೆ ಅದನ್ನೂ ತಿಳಿಸಿ. ಒಂದು ಮಾರಾಟ ಕೈತಪ್ಪಬಹುದು, ನಂಬಿಕೆ ಉಳಿಯುತ್ತದೆ.

4. ಹೋಲಿಕೆ ತೋರಿಸುವಾಗ ಸಿಂಪಡಿಸದ ನಾಲ್ಕು ಸಾಲನ್ನು ಬಿಟ್ಟು ತೋರಿಸಿ. ಒಂದೇ ತಳಿ, ಒಂದೇ ಬಿತ್ತನೆ ದಿನ, ಒಂದೇ ಗೊಬ್ಬರ ಇರಲಿ. ಸಿಂಪಡಿಸದ ಸಾಲು ಇಲ್ಲದ ಹೋಲಿಕೆಯಿಂದ ಯಾವ ತೀರ್ಮಾನಕ್ಕೂ ಬರಲಾಗದು.

5. ಸಾಧ್ಯವಾದರೆ ಇತರರ ಸರಕಿಗಿಂತ ನಿಮ್ಮ ಬೆಳೆಯನ್ನೇ ಮಾರಿ. ಮೇಲಿನ ಲೆಕ್ಕದಲ್ಲಿ ರೂ. 3,000 ಮೌಲ್ಯದ ಯಂತ್ರ ಮಾರಿಸಿದರೆ ದೊರೆತದ್ದು ರೂ. 120. ಅದೇ ವೀಕ್ಷಕರಿಗೆ ನಿಮ್ಮ ಬೆಲ್ಲ, ಜೇನು, ಮಾವು, ಸಿರಿಧಾನ್ಯವನ್ನು ನೇರವಾಗಿ ಮಾರಿದರೆ ಮಧ್ಯವರ್ತಿಯ ಪಾಲೂ ನಿಮಗೇ ಉಳಿಯುತ್ತದೆ. ಸಂಸ್ಕರಿಸಿದ ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದುಕೊಳ್ಳಿ.

ವೀಡಿಯೋ ನೋಡುವ ರೈತರಿಗೆ

ಲಿಂಕ್ ಒತ್ತುವ ಮೊದಲು ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ನನ್ನ ಬೆಳೆಯ ತೊಂದರೆ ಏನೆಂದು ಯಾರಾದರೂ ಖಚಿತಪಡಿಸಿದ್ದಾರೆಯೇ, ಅಥವಾ ವೀಡಿಯೋ ನೋಡಿ ನಾನೇ ಊಹಿಸಿದ್ದೇನೆಯೇ?
2. ಇದನ್ನು ಕೊಂಡರೆ ಹೇಳುವವರಿಗೆ ಏನು ದೊರೆಯುತ್ತದೆ? ಅದನ್ನು ಅವರು ತಿಳಿಸಿದ್ದಾರೆಯೇ?
3. ಚೀಟಿಯ ಮೇಲೆ ನನ್ನ ಬೆಳೆಯ ಹೆಸರು, ಕೀಟ ಅಥವಾ ರೋಗದ ಹೆಸರು, ಪ್ರಮಾಣ, ನೋಂದಣಿ ಸಂಖ್ಯೆ, ಸಿಂಪಡಣೆ ಮತ್ತು ಕೊಯ್ಲಿನ ನಡುವಿನ ಅವಧಿ ಇದೆಯೇ? ಕೀಟನಾಶಕವಾದರೆ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಲ್ಲಿ ಯಾವುದಿದೆ?
4. ಬಿಲ್ ನೀಡುತ್ತಾರೆಯೇ? ಬಿಲ್ ಇಲ್ಲದೆ ಬಂದ ಬಾಟಲಿಯಿಂದ ಬೆಳೆ ಹಾಳಾದರೆ ಗ್ರಾಹಕರ ಆಯೋಗದ ಮುಂದೆ ಹೇಳಿಕೊಳ್ಳಲು ಆಧಾರವೇ ಇರುವುದಿಲ್ಲ.
5. ಇದೇ ಕೆಲಸವನ್ನು ಏನನ್ನೂ ಕೊಳ್ಳದೆ ಮಾಡುವ ದಾರಿ ಇದೆಯೇ?

ಐದನೆಯ ಪ್ರಶ್ನೆಗೆ ರೀಲ್ಸ್ ಉತ್ತರಿಸುವುದು ಅಪರೂಪ. ಅದನ್ನು ರೈತ ಸಂಪರ್ಕ ಕೇಂದ್ರಕ್ಕೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ 1800-180-1551 ಸಂಖ್ಯೆಯ ಕಿಸಾನ್ ಕಾಲ್ ಸೆಂಟರಿಗೆ ಕೇಳಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಮತ್ತು ನಮಗೆ

ರೈತರು ರೀಲ್ಸ್ ಕಡೆಗೆ ಏಕೆ ಹೋದರು ಎಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ರಾತ್ರಿ ಎಂಟು ಗಂಟೆಗೆ ಎಲೆಯ ಮೇಲೆ ಚುಕ್ಕಿ ಕಂಡಾಗ ಮೊಬೈಲ್ ಉತ್ತರಿಸುತ್ತದೆ. ನಮ್ಮ ಕಚೇರಿ ಉತ್ತರಿಸುವುದಿಲ್ಲ. ನಮ್ಮ ಶಿಫಾರಸುಗಳು ಸರಿಯಾಗಿರುತ್ತವೆ, ಆದರೆ ಉದ್ದವಾದ ಕೈಪಿಡಿಗಳಲ್ಲಿ ಉಳಿದುಬಿಡುತ್ತವೆ. ಕೃಷಿ ವಿಶ್ವವಿದ್ಯಾಲಯಗಳು ಕೂಡ ಬೀಜ, ಜೈವಿಕ ಗೊಬ್ಬರ, ತೊಗರಿಗೆ ಸಿಂಪಡಿಸುವ ಪಲ್ಸ್ ಮ್ಯಾಜಿಕ್ ಮುಂತಾದ ಉತ್ಪನ್ನಗಳನ್ನು ಮಾರುತ್ತವೆ. ಅವುಗಳ ಬಗ್ಗೆ ಮಾತನಾಡುವಾಗ ನಾವೂ ಅದನ್ನು ಹೇಳಿಯೇ ಮುಂದುವರಿಯಬೇಕು. ಇತರರಿಂದ ಬಯಸುವ ಪಾರದರ್ಶಕತೆಯನ್ನು ಮೊದಲು ನಾವು ಪಾಲಿಸಬೇಕಾಗುತ್ತದೆ.

ಲಿಂಕ್ ಇಲ್ಲದ ಸಲಹೆಗಳಿಗೆ ಕಮಿಷನ್ ನೀಡುವವರಿಲ್ಲ. ಅವುಗಳನ್ನು ಹೇಳಲು ಸಂಬಳ ಪಡೆಯುವವರು ನಾವು ಮಾತ್ರ. ಆದ್ದರಿಂದ ಪ್ರತಿ ಹೋಬಳಿಯ ಕಾರ್ಯಕರ್ತರು ವಾರಕ್ಕೊಂದು ಒಂದು ನಿಮಿಷದ ವೀಡಿಯೋ ಮಾಡಿದರೆ ಸಾಕು: ಬೋರ್ಡೋ ದ್ರಾವಣದ ಚಾಕು ಪರೀಕ್ಷೆ, ತೊಗರಿ ಕುಡಿ ಚಿವುಟುವ ದಿನ, ಮಣ್ಣಿನ ಮಾದರಿ ತೆಗೆಯುವ ಕ್ರಮ, ಈ ವಾರ ಏಕೆ ಸಿಂಪಡಿಸಬಾರದು ಎಂಬ ವಿವರಣೆ. ಅದರಲ್ಲಿ ಊರಿನ ಹೆಸರು, ದಿನಾಂಕ, ಬೆಳೆಯ ವಯಸ್ಸು ಇರಲಿ. ಪ್ರಾಮಾಣಿಕವಾಗಿ ವೀಡಿಯೋ ಮಾಡುವ ಸ್ಥಳೀಯ ರೈತರನ್ನು ಕ್ಷೇತ್ರೋತ್ಸವಗಳಿಗೆ ಕರೆದು, ಅವರ ವೀಡಿಯೋದಲ್ಲಿನ ಪ್ರಮಾಣ ಮತ್ತು ಹೆಸರುಗಳನ್ನು ಪರಿಶೀಲಿಸಿ ಕೊಡುವುದು ಕೂಡ ವಿಸ್ತರಣೆಯ ಕೆಲಸವೇ.

ಕೊನೆಯ ಮಾತು

ಮಲೆನಾಡಿನ ಆ ರೈತರ ಪ್ರಶ್ನೆಗೆ ಅಂದು ಜಗಲಿಯಲ್ಲಿ ಕುಳಿತು ಸಮರ್ಪಕವಾಗಿ ಉತ್ತರಿಸಲು ನನ್ನಿಂದಾಗಲಿಲ್ಲ. ಇಂದು ಹೀಗೆ ಹೇಳಬಹುದು: ವೀಡಿಯೋ ಮಾಡಿದವರು ಸುಳ್ಳು ಹೇಳಿರಲಿಕ್ಕಿಲ್ಲ. ಕಮಿಷನ್ ಇರುವ ಮಾತನ್ನು ಹೇಳಿದರು, ಕಮಿಷನ್ ಇಲ್ಲದ ಮಾತನ್ನು ಬಿಟ್ಟರು. ಆ ತೋಟಕ್ಕೆ ಬೇಕಾಗಿದ್ದದ್ದು ಬಿಟ್ಟ ಮಾತು. ಮೂರು ಬಾಟಲಿಗಳ ಹಣದಲ್ಲಿ ಸೋಂಕು ತಗಲಿದ ಸೋಗೆ ತೆಗೆಸುವ ಆಳಿನ ಕೂಲಿಯಾಗುತ್ತಿತ್ತು.

ತೊಗರಿ ಹೊಲದ ಯುವ ರೈತರಿಗೆ ಉತ್ತರ ಸರಳವಾಗಿದೆ. ಲಿಂಕ್ ಹಾಕುವುದು ತಪ್ಪಲ್ಲ. ದೊರೆಯುವ ಕಮಿಷನ್ನನ್ನು ವೀಡಿಯೋದ ಮೊದಲಿಗೇ ಕನ್ನಡದಲ್ಲಿ ಹೇಳಿ. ಔಷಧ ಮತ್ತು ಬೀಜಕ್ಕೆ ಕಮಿಷನ್ ಮುಟ್ಟಬೇಡಿ. ಲಿಂಕ್ ಇರುವ ಒಂದು ವೀಡಿಯೋ ಹಾಕಿದರೆ ಲಿಂಕ್ ಇಲ್ಲದ ಮೂರು ವೀಡಿಯೋ ಹಾಕಿ. ನಿಮ್ಮ ಮಾತು ಕೇಳಿ ನೆರೆಯ ರೈತರು ಒಂದು ಹಂಗಾಮಿನ ಬೆಳೆಯನ್ನೇ ಪಣಕ್ಕೆ ಒಡ್ಡುತ್ತಾರೆ. ಕಮಿಷನ್ ಎಷ್ಟೇ ಬಂದರೂ ಅದು ಆ ಬೆಳೆಯ ಬೆಲೆಗೆ ಸಮವಾಗದು.